ಚಿದ್ಕೀಯನಿಗೆ ಆ ಹೆಸರು ಇಟ್ಟವರು ಯಾರು?

ಈಗಷ್ಟೇ ಒಂದು ವಿಡಿಯೋ ನೋಡಿ ಮುಗಿಸಿದೆ. ಬೈಬಲ್ಲಿನ ರಾಜರ ಹೆಸರುಗಳಿಗೆ ಅರ್ಥ ಹೇಳುವ ವಿಡಿಯೋ. ಜೆರುಸಲೇಮಿನಿಂದ ಆಳಿದ ಯೆಹೂದ ರಾಜ್ಯದ ಕೊನೆಯ ರಾಜ ಚಿದ್ಕೀಯನ ಸರದಿ ಬಂತು. ‘ಯೆಹೋವನೇ ನನ್ನ ನೀತಿ ಎಂದರ್ಥ, ತಂದೆತಾಯಿ ಭಕ್ತಿಯಿಂದ ಇಟ್ಟ ಹೆಸರು’ ಎಂದುಬಿಟ್ಟರು. ಅರ್ಥವೇನೋ ಸರಿ. ಆದರೆ ತಂದೆತಾಯಿ ಇಟ್ಟ ಹೆಸರು ಅದಲ್ಲವೇ ಅಲ್ಲ!

ಯೋಷೀಯನ ಮಗ ಅವನು. ಮನೆಯವರು ಇಟ್ಟ ಹೆಸರು ಮತ್ತನ್ಯ, ಯೆಹೋವನ ಕೊಡುಗೆ ಅಂತ. ಕ್ರಿ.ಪೂ. 597ರಲ್ಲಿ ಬಾಬೆಲಿನ ರಾಜ ನೆಬೂಕದ್ನೆಚ್ಚರ ಜೆರುಸಲೇಮನ್ನು ಹಿಡಿದ. ಪಟ್ಟದಲ್ಲಿದ್ದ ಯೆಹೋಯಾಖೀನನನ್ನು ಸೆರೆ ಒಯ್ದು, ಅವನ ಚಿಕ್ಕಪ್ಪನಾದ 21 ವರ್ಷದ ಈ ಹುಡುಗನನ್ನು ಕೂರಿಸಿದ. ಹೆಸರನ್ನೂ ಚಿದ್ಕೀಯ ಅಂತ ಬದಲಾಯಿಸಿದ. 2 ಅರಸುಗಳು 24:17 ತೆಗೆದು ನೋಡಿ, ಒಂದೇ ವಚನ. ಬಾಬೆಲಿನವರ ಮಣ್ಣಿನ ಹಲಗೆಯೊಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಊರು ಹಿಡಿದದ್ದು, ತಮಗೆ ಬೇಕಾದ ರಾಜನನ್ನು ಕೂರಿಸಿದ್ದು, ಭಾರೀ ಕಪ್ಪ ಹೊತ್ತೊಯ್ದದ್ದು ಎಲ್ಲ ಅದರಲ್ಲಿದೆ. ಆ ರಾಜನ ಹೆಸರು ಮಾತ್ರ ಇಲ್ಲ. ಹೊಸ ಹೆಸರು ಕೊಟ್ಟವರಿಗೇ ಅದನ್ನು ಬರೆಯಬೇಕು ಅನಿಸಲಿಲ್ಲ.

ಅವನ ಅಣ್ಣನ ಕಥೆಯೂ ಹೀಗೇ. ಎಲ್ಯಾಕೀಮನನ್ನು ಐಗುಪ್ತದ ಫರೋಹ ನೆಕೋ ಯೆಹೋಯಾಕೀಮ ಮಾಡಿದ. ದೇವರು ಎಂಬ ‘ಎಲ್’ ಹೋಗಿ, ಯೆಹೋವ ಎಂಬುದರ ‘ಯೆಹೋ’ ಬಂತು, ಅಷ್ಟೇ. ದೇವರು ಎತ್ತಿ ನಿಲ್ಲಿಸುತ್ತಾನೆ ಎಂಬ ಅರ್ಥ ಹಾಗೇ ಉಳಿಯಿತು. ಹಾಗಾದರೆ ಬದಲಾಯಿಸಿದ್ದು ಯಾಕೆ? ನೀನು ಯಾರ ಕೈಕೆಳಗಿದ್ದೀಯ ಅಂತ ತೋರಿಸೋಕೆ, ಅಲ್ವಾ?

‘ಇರಲಿ ಬಿಡಿ, ಅರ್ಥ ಒಳ್ಳೆಯದಲ್ವಾ, ಯಾರು ಇಟ್ಟರೇನು’ ಅಂತ ಕೆಲವರು ಹೇಳುತ್ತಾರೆ. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಇದನ್ನೇ ಕಲಿಸುವ ನನಗೆ ಆ ಮಾತು ಒಪ್ಪಿಗೆಯಿಲ್ಲ. ಬಾಬೆಲಿನವರು ಯೆಹೂದದಿಂದ ಸೆರೆ ಒಯ್ದ ದಾನಿಯೇಲನಿಗೆ ತಮ್ಮ ಕಡೆಯ ಹೆಸರು ಇಟ್ಟರು. ಇವನಿಗೆ ಮಾತ್ರ ಯೆಹೋವನ ಹೆಸರೇ ಯಾಕೆ? 2 ಪೂರ್ವಕಾಲವೃತ್ತಾಂತ 36:13 ನೋಡಿ. ನೆಬೂಕದ್ನೆಚ್ಚರ ಅವನಿಂದ ದೇವರ ಮೇಲೆ ಆಣೆ ಹಾಕಿಸಿದ್ದ. ಹೆಸರು ಕರೆದಾಗಲೆಲ್ಲ ಆ ಆಣೆ ನೆನಪಾಗಬೇಕು, ಇದ್ದದ್ದು ಅದೇ ಲೆಕ್ಕ ಅನ್ನೋದು ನನ್ನ ನಂಬಿಕೆ. ಚಿದ್ಕೀಯ ಆಣೆ ಮುರಿದು ಬಾಬೆಲಿನ ವಿರುದ್ಧ ದಂಗೆ ಎದ್ದ. ಅವನನ್ನು ಹಿಡಿದು, ನೆಬೂಕದ್ನೆಚ್ಚರನಿದ್ದ ರಿಬ್ಲ ಎಂಬ ಊರಿನಲ್ಲಿ ಅವನ ಕಣ್ಣೆದುರೇ ಅವನ ಮಕ್ಕಳನ್ನು ಕೊಂದರು. ಆಮೇಲೆ ಆ ಕಣ್ಣುಗಳನ್ನೇ ಕೀಳಿಸಿದರು. ಇದನ್ನು ಓದುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಇಷ್ಟೆಲ್ಲ ಇರುವ ಹೆಸರನ್ನು ಸುಮ್ನೆ ‘ಭಕ್ತಿಯ ಹೆಸರು’ ಅಂದುಬಿಡೋದಾ?

ಅದೇ ಕಾಲದಲ್ಲಿ, ಜೆರುಸಲೇಮಿನಲ್ಲೇ ಪ್ರವಾದಿ ಯೆರೆಮೀಯನಿದ್ದ. ದಾವೀದನ ವಂಶದಲ್ಲಿ ಮುಂದೆ ನಿಜವಾದ ರಾಜ ಬರುತ್ತಾನೆ, ಅವನ ಹೆಸರು ‘ಯೆಹೋವನೇ ನಮ್ಮ ನೀತಿ’ ಅಂದ. ಬಾಬೆಲಿನವನು ಕೊಟ್ಟ ಹೆಸರಿನ ಮಾತುಗಳನ್ನೇ ತಿರುಗಿಸಿ, ‘ನನ್ನ’ ಇದ್ದಲ್ಲಿ ‘ನಮ್ಮ’ ಇಟ್ಟ. ಹೆಸರಿನ ಅರ್ಥ ಹೇಳಲು ಕೂತವರು ದಯವಿಟ್ಟು ಇದನ್ನೂ ಹೇಳಿ.