ಹಿಕ್ಕೆ ಪಕ್ಕದ ಐದು ರೂಪಾಯಿ

ನನ್ನ ಮೊಬೈಲ್‌ನಲ್ಲಿರುವ ಫೋಟೋಗಳನ್ನು ಯಾರಿಗೂ ತೋರಿಸುವ ಹಾಗಿಲ್ಲ. ತಪ್ಪು ತಿಳಿಯಬೇಡಿ, ಅದರ ತುಂಬ ಇರುವುದು ಹಿಕ್ಕೆ. ಕಾಡುಪ್ರಾಣಿಗಳ ಹಿಕ್ಕೆ. ಗಾತ್ರ ತಿಳಿಯಲಿ ಅಂತ ಪ್ರತಿಯೊಂದರ ಪಕ್ಕದಲ್ಲೂ ಅದೇ ಒಂದು ಐದು ರೂಪಾಯಿ ನಾಣ್ಯ. ಮೊನ್ನೆ ಮದುವೆ ಫೋಟೋ ತೋರಿಸಲು ಹೋಗಿ ಬೆರಳು ಒಂದು ಸಲ ಜಾಸ್ತಿ ಜಾರಿತು. ಅತ್ತೆಯವರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಇದೇನ್ರೀ, ರವಾ ಉಂಡಿ ಏನು?"

ಅದು ಕತ್ತೆಕಿರುಬದ್ದು. ಅದು ಎಲುಬನ್ನೂ ಕಡಿದು ತಿನ್ನುತ್ತದಲ್ಲ, ಹಾಗಾಗಿ ಒಣಗಿದ ಮೇಲೆ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಇಷ್ಟನ್ನು ಅತ್ತೆಗೆ ವಿವರಿಸುವ ಧೈರ್ಯ ಬರಲಿಲ್ಲ. ಹೌದು, ಉಂಡೀನೇ ಅಂದುಬಿಟ್ಟೆ.

ಇದೆಲ್ಲ ಶುರುವಾದದ್ದು ಗೆಳೆಯನೊಬ್ಬನ ಫೋನಿನಿಂದ. "ಚಿಂಚೋಳಿ ಕಾಡಿಗೆ ಬರ್ತೀಯೇನು, ದಾರಿಗುಂಟ ಹಕ್ಕಿ, ಪ್ರಾಣಿ ನೋಡಿ ಬರಕೊಳ್ಳೋ ಕೆಲಸ, ಪಗಾರ ಇಲ್ಲ, ರೊಟ್ಟಿ ನಿಂದೇ." ಕಲಬುರಗಿ ಜಿಲ್ಲೆಯಲ್ಲಿ ಕಾಡಿದೆ ಅಂದರೆ ಬೆಂಗಳೂರಿನವರು ಈಗಲೂ ನಗುತ್ತಾರೆ. ಅವರಿಗೆ ನಾವು ಅಂದರೆ ತೊಗರಿಬೇಳೆ ಮತ್ತು ಬಿಸಿಲು, ಅಷ್ಟೇ. ಆದರೆ ಚಿಂಚೋಳಿ 2011ರಲ್ಲೇ ವನ್ಯಜೀವಿಧಾಮ ಆಗಿದೆ. 134 ಚದರ ಕಿಲೋಮೀಟರಿಗಿಂತ ದೊಡ್ಡದು, ಚಂದ್ರಂಪಳ್ಳಿ ಕೆರೆಯ ನೀರು ಅದರ ಮಡಿಲಲ್ಲೇ ಇದೆ. ನಾನು ಚಿರತೆ ನೋಡುವ ಆಸೆಯಲ್ಲಿ ಹೂಂ ಅಂದೆ.

ಕೈಗೆ ಬಂದದ್ದು ಗೊರವಂಕ ಎಣಿಸುವ ಕೆಲಸ.

ಎಣಿಸುವುದು ಸುಲಭ ಅಂದುಕೊಂಡಿದ್ದೆ. ನಿಧಾನ ನಡೆಯಬೇಕು, ಮಾತಾಡಬಾರದು, ಎಣಿಸಿದ ಹಕ್ಕಿಯನ್ನೇ ಮತ್ತೆ ಎಣಿಸಬಾರದು. ಹಕ್ಕಿಗೇನು ಗೊತ್ತು ಈ ನಿಯಮ? ಒಂದು ಕಾಜಾಣ ಅರ್ಧ ಗಂಟೆ ನಮ್ಮ ಮುಂದೆ ಮುಂದೆಯೇ ಹಾರುತ್ತಿತ್ತು. ಅದು ಒಂದೋ, ಮೂರೋ ಅಂತ ಇಬ್ಬರಿಗೂ ಪಿಸುಮಾತಿನಲ್ಲೇ ಜಗಳ. ನೀಲಕಂಠ ಕಂಡಾಗ ಮಾತ್ರ ಜಗಳ ಬಿಟ್ಟು ನಿಂತೆವು. ನಮ್ಮ ರಾಜ್ಯಪಕ್ಷಿ. ಸರಿಯಾಗಿ ನೋಡಿದರೆ ಅದರ ಕಂಠ ನೀಲಿ ಅಲ್ಲವೇ ಅಲ್ಲ, ಕಂದು. ನೀಲಿ ಇರುವುದು ನೆತ್ತಿ, ರೆಕ್ಕೆ, ಬಾಲದಲ್ಲಿ, ಅದೂ ಹಾರಿದಾಗಲೇ ಪೂರ್ತಿ ಕಾಣುವುದು. ಇಷ್ಟು ವರ್ಷ ಹೆಸರು ಕೇಳಿ ಕತ್ತು ನೋಡುತ್ತಿದ್ದೆನಲ್ಲ ಅನಿಸಿತು. ಟಿಟ್ಟಿಭಗಳ ಕಥೆ ಬೇರೆ. ನಾವು ಅವನ್ನು ನೋಡುವ ಮೊದಲೇ ಅವು ನಮ್ಮನ್ನು ನೋಡಿ ಇಡೀ ಕಾಡಿಗೆ ಡಂಗುರ ಸಾರಿಬಿಡುತ್ತಿದ್ದವು. ಆಮೇಲೆ ಯಾವ ಚಿರತೆ ಬಂದೀತು?

ಸಂಜೆ ಪಟ್ಟಿಯನ್ನು ಇ-ಬರ್ಡ್‌ಗೆ, ಅಂದರೆ ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಆನ್‌ಲೈನ್ ತಾಣಕ್ಕೆ, ಹಾಕುವಾಗ ಅದು ಒಂದು ಪ್ರಶ್ನೆ ಕೇಳುತ್ತದೆ: ಗುರುತು ಸಿಕ್ಕ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಅಂದರೆ ಚಂದದ್ದು ಮಾತ್ರ ಬರೆದು ಕಾಗೆ, ಪಾರಿವಾಳ ಬಿಟ್ಟುಬಿಟ್ಟಿಲ್ಲ ತಾನೇ ಅಂತ. ಹೌದು ಅಂದರೆ, ಬರೆಯದ ಹಕ್ಕಿ ಆವತ್ತು ನಮ್ಮ ಕಣ್ಣಿಗೆ ಬೀಳಲಿಲ್ಲ ಅಂತಲೂ ತಿಳಿಯುತ್ತದೆ. ಅದಕ್ಕೂ ಬೆಲೆ ಇದೆಯಂತೆ. ನನಗೆ ಕಷ್ಟವಾದದ್ದು ಅಲ್ಲೇ. ಪೊದೆಯಲ್ಲಿ ಕಂದು ಬಣ್ಣದ್ದೊಂದು ಸರಕ್ಕನೆ ಹೋಗಿತ್ತು, ಅದನ್ನು ಕೌಜುಗ ಅಂತ ಬರೆಯಲು ಕೈ ಹಾತೊರೆಯುತ್ತಿತ್ತು. ಗೆಳೆಯ ಕೇಳಿದ, "ನೋಡಿದ್ಯಾ, ಇಲ್ಲಾ ನೋಡಬೇಕು ಅನಿಸ್ತಾ?" ಅಳಿಸಿದೆ.

ಆದರೆ ಆ ದಿನದ ದೊಡ್ಡ ಸುದ್ದಿ ಪಟ್ಟಿಗೆ ಹೋಗಲೇ ಇಲ್ಲ. ಹೊತ್ತು ಏರಿದ ಮೇಲೆ ಕಾಡಿನಂಚಿನ ಹೊಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಕೂತಿದ್ದೆವು. ಕುರಿ ಮೇಯಿಸುವ ಅಜ್ಜ ಬಂದ.

"ಏನ್ ನೋಡ್ಲತ್ತೀರಿ?"

"ಹಕ್ಕಿ ಎಣಿಸ್ಲತ್ತೀವಿ, ಅಜ್ಜಾ."

"ಎಣಿಸಿ?"

"ಬರಕೋತೀವಿ."

"ಪಗಾರ ಎಷ್ಟು?"

ಇಲ್ಲ ಅಂದಾಗ ನಮ್ಮ ರೊಟ್ಟಿಯನ್ನೂ ನಮ್ಮನ್ನೂ ಒಂದು ಸಲ ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಸ್ವಲ್ಪ ಹೊತ್ತು ಬಿಟ್ಟು ಅಂದ, "ಮೊನ್ನಿ ತ್ವಾಳ ಬಂದು ನಂದೊಂದು ಮರಿ ಒಯ್ದದ. ಅದನ್ನೂ ಬರಕೋರಿ."

ತೋಳ! ಎಲ್ಲಿ, ಎಷ್ಟು ಹೊತ್ತಿಗೆ, ಒಂದೇ ಇತ್ತಾ ಅಂತ ನಾವು ಮುಗಿಬಿದ್ದೆವು. ಕೇಳುತ್ತಾ ಕೇಳುತ್ತಾ ನನ್ನ ದನಿಯಲ್ಲಿ ಖುಷಿ ಜಾಸ್ತಿಯಾದದ್ದು ನನಗೇ ಕೇಳಿಸಿ ನಾಚಿಕೆಯಾಯಿತು. ಮರಿ ಹೋದದ್ದು ಅವನದಲ್ಲವೇ. ನಮ್ಮ ಹಾಳೆಯಲ್ಲಿ ನಾವೇ ಕಂಡದ್ದಕ್ಕೆ ಮಾತ್ರ ಜಾಗ, ಕೇಳಿದ್ದಕ್ಕೆ ಇಲ್ಲ. ಗೆಳೆಯ ಹಾಳೆ ತಿರುಗಿಸಿ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಂಡ: ತೋಳ, ಒಂದು ಮರಿ. ಅಜ್ಜನಿಗೆ ಓದಲು ಬರುತ್ತಿತ್ತೋ ಇಲ್ಲವೋ, ಬಗ್ಗಿ ನೋಡಿ ತಲೆಯಾಡಿಸಿದ.

ವಾಪಸ್ ಬರುವಾಗ ಬಸ್‌ ಸ್ಟ್ಯಾಂಡಿನಲ್ಲಿ ಚಹಾ ಕುಡಿದೆವು. ಕೊಡುವಾಗ ಐದು ರೂಪಾಯಿ ಕಡಿಮೆ ಬಿತ್ತು. ಜೇಬಿನಲ್ಲಿ ಇದ್ದದ್ದು ಅದೊಂದೇ ನಾಣ್ಯ, ದಿನವಿಡೀ ಹಿಕ್ಕೆಗಳ ಪಕ್ಕ ಕೂತು ಫೋಟೋ ಹೊಡೆಸಿಕೊಂಡದ್ದು. ಗೆಳೆಯ ನನ್ನ ಮುಖ ನೋಡಿದ. ಚಹಾದವನು ಅದನ್ನು ತಗೊಂಡು, ಕಣ್ಣಿಗೊತ್ತಿಕೊಂಡು ಡಬ್ಬಿಗೆ ಹಾಕಿದ. ನಾವು ಸುಮ್ನೆ ಬಸ್ ಹತ್ತಿದೆವು.