ಸರಿ ಮಾಡೋಕೆ ಅದು ಕೆಟ್ಟಿದ್ದರೆ ತಾನೆ?

ಈಗಷ್ಟೇ ಮದುವೆ ಮನೆಯಿಂದ ಬಂದು ಕೂತಿದ್ದೇನೆ. ಸೀರೆ ಕೂಡ ಬದಲಿಸಿಲ್ಲ. ಬರೆದು ಮುಗಿಸದೆ ಸಿಟ್ಟು ಇಳಿಯುವ ಹಾಗಿಲ್ಲ.

ಆಗಿದ್ದಿಷ್ಟು. ನಾನು ಪಾನಕ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ನಮ್ಮ ಚಿಕ್ಕಮ್ಮ ನನ್ನ ಮಗಳು ಪುಟ್ಟಿಯನ್ನು ಜಗಲಿ ಮೇಲೆ ಕೂರಿಸಿಕೊಂಡಿದ್ದರು. ಕೈಯಲ್ಲಿ ಸಣ್ಣ ಹಲ್ಲಿನ ಬಾಚಣಿಗೆ. ಒಣ ತಲೆ, ಬುಡದಿಂದಲೇ ಎಳೆತ. ಮಗುವಿನ ಕಣ್ಣು ತುಂಬಿತ್ತು. ಬಾಚಣಿಗೆಯ ಎರಡು ಹಲ್ಲು ಮುರಿದು ಕೂದಲಲ್ಲೇ ಉಳಿದಿದ್ದವು. "ಎಂಥ ತಲೆ ಮಾರಾಯ್ತಿ ಇದು, ಕಾಗೆ ಗೂಡು! ಸ್ವಲ್ಪ ಸರಿ ಮಾಡ್ತಿದ್ದೆ ಅಷ್ಟೆ." ಮದುಮಗಳಿಗೆ ಮೇಕಪ್ ಮಾಡಲು ಬಂದಿದ್ದ ಹುಡುಗಿಯೂ ಸುಮ್ನಿರಲಿಲ್ಲ. "ಅಕ್ಕಾ, ಸ್ಮೂದನಿಂಗ್ ಮಾಡ್ಸಿ, ಸರಿ ಹೋಗತ್ತೆ." ಕೂದಲು ನೇರ ಮಾಡುವ ರಾಸಾಯನಿಕ, ಆರು ವರ್ಷದ ಮಗುವಿಗೆ!

ಊರಿಗೆ ಬಂದು 11 ದಿನ. ಈ 'ಸರಿ ಮಾಡು' ಎಷ್ಟು ಸಲ ಕೇಳಿದೆನೋ ಲೆಕ್ಕ ಬಿಟ್ಟಿದ್ದೇನೆ. ಸರಿ ಮಾಡುವುದು ಕೆಟ್ಟಿದ್ದನ್ನು ಅಲ್ವಾ? ಇದು ಯಾವಾಗ ಕೆಟ್ಟಿತ್ತು? ಅವಳಪ್ಪ ಆಫ್ರಿಕನ್ ಅಮೆರಿಕನ್, ಅಪ್ಪನ ಕೂದಲು ಮಗಳಿಗೆ ಬಂದಿದೆ.

ಇನ್ನು ಎಣ್ಣೆ ಪಂಡಿತರು. "ಕೊಬ್ಬರಿ ಎಣ್ಣೆ ಹಾಕಲ್ವಾ ನೀನು?" ಹಾಕಿದ್ದೆ ಸ್ವಾಮಿ. ಎರಡು ವರ್ಷ ಬಟ್ಟಲುಗಟ್ಟಲೆ ಹಾಕಿದ್ದೆ. ಮೇಲೆ ಜಿಡ್ಡು, ಒಳಗೆ ಒಣ ಹುಲ್ಲು. ನೇರ ಕೂದಲಲ್ಲಿ ನೆತ್ತಿಯ ಜಿಡ್ಡು ಸರಾಗವಾಗಿ ಕೆಳಗಿಳಿಯುತ್ತದೆ. ಸುರುಳಿಯಲ್ಲಿ ಅದು ತುದಿ ಮುಟ್ಟುವುದೇ ಕಷ್ಟ. ಅದಕ್ಕೆ ಬೇಕಾದ್ದು ಮೊದಲು ನೀರು, ಆಮೇಲೆ ಕ್ರೀಮು. ಎಣ್ಣೆ ಕೊನೆಗೆ, ಒದ್ದೆ ಬೇಗ ಆರದಿರಲಿ ಎಂದು.

ಇದನ್ನು ಕಲಿಸಿದ್ದು ಹ್ಯೂಸ್ಟನ್‌ನಲ್ಲಿರುವ ನನ್ನ ಅತ್ತೆ, ಗಂಡನ ಅಮ್ಮ. ಪ್ರತಿ ಭಾನುವಾರ ಅವರು ಸೋಫಾ ಮೇಲೆ, ಮಗು ನೆಲದ ಮೇಲೆ, ಅವರ ಮೊಣಕಾಲುಗಳ ನಡುವೆ. ನಮ್ಮಮ್ಮ ನನಗೆ ಎರಡು ಜಡೆ ಹಾಕುವಾಗ ನಾನು ಕೂರುತ್ತಿದ್ದುದೂ ಅದೇ ಜಾಗದಲ್ಲಿ. ಒದ್ದೆ ತಲೆಗೆ ಧಾರಾಳ ಕಂಡೀಷನರ್. ಕೂದಲನ್ನು ನಾಲ್ಕು ಭಾಗ ಮಾಡುವುದು. ಸಿಕ್ಕು ಬಿಡಿಸಲು ಮೊದಲು ಬೆರಳು, ನಂತರ ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಶುರುಮಾಡಿ ಮೇಲಕ್ಕೆ. ಬುಡವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರೆ ನೆತ್ತಿಗೆ ಎಳೆತ ಬೀಳುವುದಿಲ್ಲ. ಆಮೇಲೆ ಎರಡೆರಡು ಎಳೆ ಹೊಸೆದು ಬಿಡುವುದು. ರಾತ್ರಿ ಸ್ಯಾಟಿನ್ ಟೊಪ್ಪಿ, ಯಾಕೆಂದರೆ ಹತ್ತಿ ದಿಂಬು ತೇವವನ್ನೆಲ್ಲ ಹೀರುತ್ತದೆ. ನಾನು ಮೊದಲ ಸಲ ತೆಗೆದ ಬೈತಲೆ ಅರಬೈಲು ಘಟ್ಟದ ರಸ್ತೆಯ ಹಾಗಿತ್ತು. ಅತ್ತೆ ನಗಲಿಲ್ಲ. ಬಿಚ್ಚಿ ಮತ್ತೆ ಮಾಡಿಸಿದರು.

ಹಾಗಂತ ಅಲ್ಲೇನು ಸ್ವರ್ಗವಾ? ಕೂದಲು ನೋಡಿ ಶಾಲೆಯಲ್ಲಿ, ಕೆಲಸದಲ್ಲಿ ತಾರತಮ್ಯ ಮಾಡಬೇಡಿ ಅನ್ನಲು 'ಕ್ರೌನ್ ಕಾಯ್ದೆ' ಅಂತ ಕಾನೂನೇ ಬೇಕಾಯಿತು. ಮೊದಲು ಕ್ಯಾಲಿಫೋರ್ನಿಯಾದಲ್ಲಿ, 2019ರಲ್ಲಿ. ನಮ್ಮ ಟೆಕ್ಸಾಸ್‌ಗೆ ಅದು ಬರುವಾಗ 2023.

"ಪ್ರೀತಿಯಿಂದ ಮಾಡಿದ್ದು, ಬಿಡು" ಅಂತ ಅಮ್ಮ ದಾರಿಯುದ್ದಕ್ಕೂ ಹೇಳಿದಳು. ಪ್ರೀತಿ ಇಲ್ಲ ಅಂದೆನಾ? ನನಗಂತಲೇ ಹಲಸಿನ ಹಪ್ಪಳ ಎತ್ತಿಡುವ ಚಿಕ್ಕಮ್ಮ ಅವರು. ಆದರೆ ಆ ಪ್ರೀತಿಯ ಬಾಚಣಿಗೆಗೆ ಹಲ್ಲು ಯಾಕೆ ಅಷ್ಟು ಸಣ್ಣ? ಶ್ರವಣಬೆಳಗೊಳದ ಗೊಮ್ಮಟನ ತಲೆ ತುಂಬಾ ಸುರುಳಿ ಸುರುಳಿ. ಸಾವಿರ ವರ್ಷದಿಂದ ಹಾಗೇ ನಿಂತಿದ್ದಾನೆ. 12 ವರ್ಷಕ್ಕೊಮ್ಮೆ ಅಟ್ಟಣಿಗೆ ಕಟ್ಟಿ, ಮೇಲೆ ಹತ್ತಿ ಹಾಲು ಸುರಿಯುತ್ತೇವೆ. ಒಬ್ಬರಾದರೂ "ಕಾಗೆ ಗೂಡು" ಅಂದಿದ್ದು ಕೇಳಿದ್ದೀರಾ?

"ಅಮೆರಿಕದ ಕೂದಲು, ನಮಗೆ ಹೇಗೆ ಗೊತ್ತಾಗತ್ತೆ" ಎಂದು ಒಬ್ಬ ಮಾವ ಸಮಾಧಾನ ಹೇಳಿದರು. ಯಲ್ಲಾಪುರದಲ್ಲಿ ಕೂತು ಈ ಮಾತು! ಸುತ್ತಮುತ್ತ ತಲೆಮಾರುಗಳಿಂದ ಆಫ್ರಿಕಾ ಮೂಲದ ಸಿದ್ದಿ ಜನ ಇದ್ದಾರೆ. ಇದೇ ಸುರುಳಿ, ಇದೇ ದಟ್ಟ ಕೂದಲು.

ಹೇಳಿಬಿಡುತ್ತೇನೆ. ನಾಲ್ಕನೇ ಕ್ಲಾಸಿನಲ್ಲಿ ನನ್ನ ಮುಂದಿನ ಬೆಂಚಿನಲ್ಲಿ ಒಬ್ಬ ಸಿದ್ದಿ ಹುಡುಗಿ ಕೂರುತ್ತಿದ್ದಳು. ನಿಲ್ಲುತ್ತದಾ ನೋಡೋಣ ಅಂತ ಅವಳ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿದವಳು ನಾನೇ. ನಿಂತಿತು. ಇಡೀ ಕ್ಲಾಸ್ ನಕ್ಕಿತು. ಅವಳು ತಿರುಗಲಿಲ್ಲ, ಕೈ ಹಿಂದೆ ತಂದು ಪೆನ್ಸಿಲ್ ತೆಗೆದು ನನ್ನ ಡೆಸ್ಕಿನ ಮೇಲಿಟ್ಟಳು. ಹೋದ ವರ್ಷ ಪುಟ್ಟಿ ಶಾಲೆಯಿಂದ ಬಂದಾಗ ಅವಳ ಕೂದಲಲ್ಲೂ ಯಾರೋ ಸಿಕ್ಕಿಸಿದ ಕ್ರೇಯಾನ್ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಮನೆಯಲ್ಲಿ ಒಬ್ಬರೇ 'ಸರಿ ಮಾಡು' ಅನ್ನದವರು, ನಮ್ಮಜ್ಜಿ. ಮೊದಲ ದಿನವೇ ಪುಟ್ಟಿಯ ತಲೆ ಮುಟ್ಟಿ ನೋಡಿ, "ಇದಕ್ಕೆ ಲೋಳೆ ಚಲೋ" ಅಂದರು. ಹಿತ್ತಲಿನ ದಾಸವಾಳದ ಎಲೆ ಕಿವುಚಿ ಸೋಸಿ ಕೊಟ್ಟರು. ಬೆರಳು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಅಲ್ಲಿ ಇದೇ ಕೆಲಸಕ್ಕೆ ನಾನು ಅಗಸೆ ಬೀಜ ಕುದಿಸಿ ಲೋಳೆ ತೆಗೆಯುತ್ತೇನೆ. ಗೆಳತಿಯರೇ, ನೀವು ಚಟ್ನಿಪುಡಿ ಮಾಡುವ ಅದೇ ಅಗಸೆ.

ನಾಳೆ ಆರತಕ್ಷತೆ. ಪುಟ್ಟಿ ಕೂದಲು ಪೂರ್ತಿ ಬಿಟ್ಟುಕೊಂಡೇ ಬರುತ್ತಾಳೆ, ಮೇಲೊಂದು ಮಲ್ಲಿಗೆ ದಂಡೆ. ಮುಟ್ಟಬೇಕು ಅನಿಸಿದವರು ಮೊದಲು ಅವಳನ್ನೇ ಕೇಳಿ. "ಬೇಡ" ಅನ್ನುತ್ತಾಳೆ. ಕನ್ನಡದಲ್ಲೇ ಕಲಿಸಿದ್ದೇನೆ.