ಐದು ಜನರ ತಂತ್ರಾಂಶ ತಂಡಕ್ಕೆ ಡೆವ್‌ಆಪ್ಸ್, ಅಜೈಲ್ ಬೇಕೇ? ಪರ ಮತ್ತು ವಿರೋಧ

ತಂತ್ರಾಂಶ ಬರೆಯುವವರು ನಾಲ್ಕೈದು ಮಂದಿ, ಅದನ್ನು ನಂಬಿ ದಿನನಿತ್ಯದ ವ್ಯವಹಾರ ನಡೆಸುವ ಗ್ರಾಹಕರು ಕೆಲವು ನೂರು ಮಂದಿ. ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿಯೂ ಇಂಥ ತಂಡಗಳಿವೆ. ತಂತ್ರಾಂಶವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಬಳಕೆದಾರರಿಗೆ ಕೊಟ್ಟು ತಿದ್ದುತ್ತ ಹೋಗುವುದು ಅಜೈಲ್, ಕೋಡ್ ಬರೆಯುವ ಮತ್ತು ಸರ್ವರ್ ನಡೆಸುವ ಕೆಲಸಗಳನ್ನು ಒಂದುಗೂಡಿಸಿ ಆದಷ್ಟನ್ನು ಯಂತ್ರಕ್ಕೇ ವಹಿಸುವುದು ಡೆವ್‌ಆಪ್ಸ್. ದೊಡ್ಡ ಕಂಪನಿಗಳಲ್ಲಿ ರೂಢಿಯಾಗಿರುವ ಈ ಪದ್ಧತಿಗಳನ್ನು ಇವು ಪೂರ್ತಿಯಾಗಿ ಅಳವಡಿಸಿಕೊಳ್ಳಬೇಕೇ ಎಂಬುದು ಪ್ರಶ್ನೆ.

ಪರ

ಈ ಪದ್ಧತಿಗಳು ಸಣ್ಣ ತಂಡಕ್ಕೆ ದುಬಾರಿ ಎನ್ನುವವರು, ಅವು ಇಲ್ಲದ ಕಡೆ ಕೆಲಸ ಹೇಗೆ ಸಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಹಿರಿಯ ಪ್ರೋಗ್ರಾಮರ್ ಒಬ್ಬರು ತಮ್ಮ ಲ್ಯಾಪ್‌ಟಾಪಿನಿಂದ ಸರ್ವರ್‌ಗೆ ಲಾಗಿನ್ ಆಗಿ, ಹೊಸ ಕೋಡನ್ನು ಇಳಿಸಿಕೊಂಡು, ಡೇಟಾಬೇಸಿನ ಬದಲಾವಣೆಗಳನ್ನು ಕೈಯಾರೆ ಮಾಡಿ, ಸರ್ವೀಸನ್ನು ರೀಸ್ಟಾರ್ಟ್ ಮಾಡುತ್ತಾರೆ. ಯಾವುದರ ನಂತರ ಯಾವುದು, ಯಾವ ಕಾನ್ಫಿಗರೇಶನ್ ಫೈಲನ್ನು ಮುಟ್ಟಬಾರದು ಎಂಬುದೆಲ್ಲ ಅವರ ತಲೆಯಲ್ಲಿಯೇ ಇರುತ್ತದೆ. ಅವರು ಮದುವೆಗೆಂದು ಊರಿಗೆ ಹೋದ ದಿನ ಸರ್ವರ್ ನಿಂತರೆ ಉಳಿದವರಿಗೆ ಕೈಕಾಲೇ ಆಡುವುದಿಲ್ಲ. ದೊಡ್ಡ ಕಂಪನಿಯಲ್ಲಿ ಒಬ್ಬರ ಜಾಗಕ್ಕೆ ಇನ್ನೊಬ್ಬರು ಸಿಗುತ್ತಾರೆ, ಐವರ ತಂಡದಲ್ಲಿ ಸಿಗುವುದಿಲ್ಲ. ಆದ್ದರಿಂದ ಪ್ರತಿಯೊಂದು ಹೆಜ್ಜೆಯೂ ಬರಹದಲ್ಲಿದ್ದು, ಯಂತ್ರವೇ ಅದನ್ನು ನಡೆಸುವ ವ್ಯವಸ್ಥೆಯ ಅಗತ್ಯ ಸಣ್ಣ ತಂಡಕ್ಕೇ ಹೆಚ್ಚು.

ಕೈಯಿಂದ ಮಾಡುವ ಡಿಪ್ಲಾಯ್‌ಮೆಂಟ್ (ಹೊಸ ಕೋಡನ್ನು ಸರ್ವರ್‌ಗೆ ಏರಿಸುವುದು) ಎಷ್ಟು ಅಪಾಯಕಾರಿ ಎಂಬುದಕ್ಕೆ ಅಮೆರಿಕದ ಷೇರು ವ್ಯಾಪಾರ ಸಂಸ್ಥೆ ನೈಟ್ ಕ್ಯಾಪಿಟಲ್‌ನಲ್ಲಿ 2012ರ ಆಗಸ್ಟ್ 1ರಂದು ನಡೆದದ್ದೇ ಸಾಕ್ಷಿ. ಎಂಟು ಸರ್ವರ್‌ಗಳಿಗೆ ಹೋಗಬೇಕಿದ್ದ ಹೊಸ ಕೋಡ್ ಏಳಕ್ಕೆ ಮಾತ್ರ ಹೋಗಿತ್ತು. ಒಂದು ಬಿಟ್ಟುಹೋಗಿದೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ, ಏಕೆಂದರೆ ಇನ್ನೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮವೇ ಅಲ್ಲಿರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಬಳಕೆ ತಪ್ಪಿದ್ದ ಒಂದು ಕಾರ್ಯವನ್ನು ಚಾಲೂ ಮಾಡುವ ಫ್ಲ್ಯಾಗನ್ನೇ (ಗುರುತನ್ನೇ) ಹೊಸ ಕೋಡ್ ಮರುಬಳಸಿದ್ದರಿಂದ, ಎಂಟನೆಯ ಸರ್ವರಿನಲ್ಲಿ ಆ ಹಳೆಯ ಕಾರ್ಯ ಮತ್ತೆ ಚಾಲನೆಗೊಂಡು, ತಡೆಯಿಲ್ಲದೆ ಆರ್ಡರ್‌ಗಳನ್ನು ಕಳುಹಿಸತೊಡಗಿತು. ಗಾಬರಿಯಲ್ಲಿ ಸಿಬ್ಬಂದಿ ಉಳಿದ ಏಳು ಸರ್ವರ್‌ಗಳಿಂದಲೂ ಹೊಸ ಕೋಡನ್ನು ತೆಗೆದರು, ಅಲ್ಲಿಯೂ ಹಳೆಯ ಕಾರ್ಯವೇ ಚಾಲನೆಗೊಂಡು ತೊಂದರೆ ಇನ್ನಷ್ಟು ಹರಡಿತು. ಸುಮಾರು 45 ನಿಮಿಷಗಳ ವಹಿವಾಟಿನಿಂದ ಆದ ನಷ್ಟ 46 ಕೋಟಿ ಡಾಲರಿಗೂ ಹೆಚ್ಚು. ಎಂಟೂ ಸರ್ವರ್‌ಗಳಲ್ಲಿ ಒಂದೇ ಆವೃತ್ತಿ ಇದೆಯೇ ಎಂದು ತಾನಾಗಿ ತಾಳೆ ನೋಡುವ, ಇಲ್ಲದಿದ್ದರೆ ಅಲ್ಲಿಗೇ ನಿಲ್ಲುವ ಪೈಪ್‌ಲೈನ್ (ಡಿಪ್ಲಾಯ್‌ಮೆಂಟಿನ ಹೆಜ್ಜೆಗಳನ್ನು ಯಂತ್ರವೇ ಒಂದಾದ ಮೇಲೊಂದು ನಡೆಸುವ ವ್ಯವಸ್ಥೆ) ಇದ್ದಿದ್ದರೆ ಆ ಬೆಳಗ್ಗೆ ಬೇರೆಯಾಗಿರುತ್ತಿತ್ತು. ಅಂಥ ಪೈಪ್‌ಲೈನ್ ಕಟ್ಟಲು ಇಂದು ದೊಡ್ಡ ಬಂಡವಾಳ ಬೇಕಿಲ್ಲ. ಕೋಡ್ ಇಡುವ ಜಾಲತಾಣಗಳೇ ಸಣ್ಣ ಬಳಕೆಗೆ ಅದನ್ನು ಉಚಿತವಾಗಿ ಕೊಡುತ್ತವೆ.

ಅಜೈಲ್ ವಿಷಯದಲ್ಲಿಯೂ ಮಾತು ಇದೇ. 2001ರಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ ಸೇರಿದ 17 ಮಂದಿ ಮಂಡಿಸಿದ ಪ್ರಣಾಳಿಕೆಯ ತಿರುಳು, ಕೆಲಸ ಮಾಡುವ ತಂತ್ರಾಂಶವನ್ನು ಬೇಗ ಬೇಗ ಬಳಕೆದಾರರ ಕೈಗಿತ್ತು ಅವರ ಮಾತು ಕೇಳುವುದು. ಆರು ತಿಂಗಳು ಬರೆದ ಮೇಲೆ ಗ್ರಾಹಕರು ಬೇಡವೆಂದರೆ ದೊಡ್ಡ ಕಂಪನಿ ತಡೆದುಕೊಂಡೀತು, ಸಣ್ಣ ತಂಡಕ್ಕೆ ಅಷ್ಟರಲ್ಲಿ ಸಂಬಳದ ಹಣವೇ ಮುಗಿದಿರುತ್ತದೆ.

ವಿರೋಧ

ಒಂದು ಪದ್ಧತಿ ಯಾವ ತೊಂದರೆಗೆ ಪರಿಹಾರವಾಗಿ ಬಂತು ಎಂಬುದನ್ನು ಮರೆತು ಅದನ್ನು ಎಲ್ಲೆಡೆ ಹೇರುವುದು ಸರಿಯಲ್ಲ. 2009ರಲ್ಲಿ ಫೋಟೋ ಹಂಚಿಕೆಯ ಜಾಲತಾಣ ಫ್ಲಿಕರ್‌ನ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್ ದಿನಕ್ಕೆ ಹತ್ತಕ್ಕೂ ಹೆಚ್ಚು ಬಾರಿ ಡಿಪ್ಲಾಯ್ ಮಾಡುವ ಬಗೆಯನ್ನು ವಿವರಿಸಿದಾಗ, ಅದೇ ವರ್ಷ ಪ್ಯಾಟ್ರಿಕ್ ಡೆಬೊಯಿಸ್ ಬೆಲ್ಜಿಯಂನ ಗೆಂಟ್‌ನಲ್ಲಿ ಮೊದಲ ಡೆವ್‌ಆಪ್ಸ್‌ಡೇಸ್ ಸಮಾವೇಶ ನಡೆಸಿದಾಗ, ಅವರ ಕಣ್ಣ ಮುಂದಿದ್ದದ್ದು ಕೋಡ್ ಬರೆಯುವ ವಿಭಾಗಕ್ಕೂ ಸರ್ವರ್ ನೋಡಿಕೊಳ್ಳುವ ವಿಭಾಗಕ್ಕೂ ನಡುವೆ ಎದ್ದಿದ್ದ ಗೋಡೆ. ಒಂದೇ ಮೇಜಿನ ಸುತ್ತ ಕೂರುವ ಐವರ ನಡುವೆ ಆ ಗೋಡೆಯೇ ಇಲ್ಲ, ಬರೆದವರೇ ಸರ್ವರನ್ನೂ ನೋಡಿಕೊಳ್ಳುತ್ತಾರೆ.

ಹೊಸದಾಗಿ ಕಟ್ಟಿದ ಪ್ರತಿಯೊಂದು ವ್ಯವಸ್ಥೆಯನ್ನೂ ಯಾರಾದರೂ ನೋಡಿಕೊಳ್ಳಲೇಬೇಕು. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು, ಇದು ಇನ್ನೊಂದು ಸರ್ವರ್ ಎಂದು ತಿಳಿದು ಮುಖ್ಯ ಡೇಟಾಬೇಸಿನ ಫೈಲುಗಳನ್ನೇ ಅಳಿಸಿದರು. ಡೆವ್‌ಆಪ್ಸ್ ಸಲಕರಣೆಗಳನ್ನು ತಯಾರಿಸುವುದೇ ಆ ಕಂಪನಿಯ ಕಸುಬು, ಬ್ಯಾಕಪ್ ಮತ್ತು ನಕಲಿಗಾಗಿ ಐದು ಬಗೆಯ ವ್ಯವಸ್ಥೆಗಳಿದ್ದವು. ಆದರೆ ನಂಬಬಹುದಾದದ್ದು ಒಂದೂ ಇರಲಿಲ್ಲ ಎಂದು ಕಂಪನಿಯೇ ಬಹಿರಂಗವಾಗಿ ಹೇಳಿತು. ನಿತ್ಯದ ಬ್ಯಾಕಪ್ ಡೇಟಾಬೇಸಿನ ಆವೃತ್ತಿ ಹೊಂದಾಣಿಕೆಯಾಗದೆ ವಿಫಲವಾಗುತ್ತಿತ್ತು, ಆ ವೈಫಲ್ಯವನ್ನು ತಿಳಿಸಬೇಕಿದ್ದ ಇ-ಮೇಲ್‌ಗಳು ತಿರಸ್ಕೃತವಾಗಿ ಯಾರನ್ನೂ ತಲುಪುತ್ತಿರಲಿಲ್ಲ. ಕೊನೆಗೆ ಕೈಹಿಡಿದದ್ದು, ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆಗಳ ಹಿಂದೆ ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಪ್ರತಿ. ಅಷ್ಟು ಸಿಬ್ಬಂದಿಯಿದ್ದ ಕಡೆಯೇ ಹೀಗಾದರೆ, ಕುಬರ್ನೆಟಿಸ್ (ಹಲವು ಸರ್ವರ್‌ಗಳಲ್ಲಿ ತಂತ್ರಾಂಶವನ್ನು ತಾನಾಗಿ ನಡೆಸುವ ಸಲಕರಣೆ), ಮಾನಿಟರಿಂಗ್, ಅಲರ್ಟ್ ಎಲ್ಲವನ್ನೂ ಒಮ್ಮೆಲೇ ಹಾಕಿಕೊಂಡ ಐವರ ತಂಡದಲ್ಲಿ ಅವು ನಿಜವಾಗಿ ನಡೆಯುತ್ತಿವೆಯೇ ಎಂದು ನೋಡುವವರು ಯಾರು? ನನ್ನ ಮಟ್ಟಿಗೆ ವಿರೋಧದ ಅತ್ಯಂತ ಬಲವಾದ ವಾದ ಇದೇ.

ರಾತ್ರಿಯ ಪಾಳಿಯ ಲೆಕ್ಕವನ್ನೂ ಮಾಡಬೇಕು. ಒಂದೇ ಊರಿನ ತಂಡ ಹಗಲು ರಾತ್ರಿ ಆನ್‌ಕಾಲ್ ಹೊಣೆ (ತೊಂದರೆಯಾದ ಕೂಡಲೇ ಸ್ಪಂದಿಸುವ ಹೊಣೆ) ಹೊರಬೇಕಾದರೆ ಕನಿಷ್ಠ ಎಂಟು ಮಂದಿಯಾದರೂ ಬೇಕು ಎಂಬುದು ಸ್ವತಃ ಗೂಗಲ್‌ನ ಎಂಜಿನಿಯರ್‌ಗಳ ಅಭಿಪ್ರಾಯ. ಐವರಲ್ಲಿ ಆ ಸರದಿ ಹಂಚಿದರೆ ನಿದ್ದೆಗೆಟ್ಟವರೇ ಮರುದಿನ ಕೋಡ್ ಬರೆಯಬೇಕಾಗುತ್ತದೆ.

ಅಜೈಲ್‌ನ ಒಂದು ವಿಧಾನವಾದ ಸ್ಕ್ರಮ್ ಹತ್ತು ಅಥವಾ ಅದಕ್ಕಿಂತ ಕಡಿಮೆ ಜನರ ತಂಡಕ್ಕೆಂದೇ ಇರುವುದು ನಿಜ. ಆದರೂ ಗ್ರಾಹಕರು ಬೆಳಗ್ಗೆ ಫೋನ್ ಮಾಡಿ ಬಿಲ್ ಪ್ರಿಂಟ್ ಆಗುತ್ತಿಲ್ಲವೆಂದರೆ ಎರಡು ವಾರದ ಸ್ಪ್ರಿಂಟ್ (ಕೆಲಸದ ಕಂತು) ಯೋಜನೆ ಅಂದೇ ಮುರಿಯುತ್ತದೆ. ಒಬ್ಬರೇ ಪ್ರಾಡಕ್ಟ್ ಓನರ್ (ಏನು ಮಾಡಬೇಕೆಂದು ನಿರ್ಧರಿಸುವವರು), ಸ್ಕ್ರಮ್ ಮಾಸ್ಟರ್ (ಪದ್ಧತಿ ಪಾಲನೆ ನೋಡಿಕೊಳ್ಳುವವರು) ಮತ್ತು ಪ್ರೋಗ್ರಾಮರ್ ಆಗಿರುವಲ್ಲಿ, ಕೆಲಸದ ಗಾತ್ರಕ್ಕೆ ಕೊಡುವ ಅಂದಾಜಿನ ಅಂಕಗಳೂ ಹಿಂದಿನ ಕಂತನ್ನು ಅವಲೋಕಿಸುವ ರೆಟ್ರೊಸ್ಪೆಕ್ಟಿವ್ ಸಭೆಗಳೂ ಕೆಲಸದ ಹೊತ್ತನ್ನೇ ತಿನ್ನುತ್ತವೆ.

ನೈಟ್ ಕ್ಯಾಪಿಟಲ್‌ನ ನಿದರ್ಶನವೂ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಎಂಟರಲ್ಲಿ ಒಂದು ತಪ್ಪಿಹೋಗುವ ಪ್ರಶ್ನೆ, ಒಂದೇ ಸರ್ವರ್ ಇಟ್ಟುಕೊಂಡ ತಂಡಕ್ಕೆ ಏಳುವುದಿಲ್ಲ. ಅಂಥ ತಂಡದಲ್ಲಿ ಎಲ್ಲರೂ ಓದಬಲ್ಲ ಒಂದು ಡಿಪ್ಲಾಯ್ ಸ್ಕ್ರಿಪ್ಟ್ ಕೋಡಿನ ಜೊತೆಗೇ ಇದ್ದು, ಬ್ಯಾಕಪ್ಪಿನಿಂದ ಡೇಟಾಬೇಸನ್ನು ಬೇರೊಂದು ಯಂತ್ರದಲ್ಲಿ ಮತ್ತೆ ನಿಲ್ಲಿಸಿ ನೋಡುವ ಕೆಲಸವನ್ನು ಪ್ರತಿ ತಿಂಗಳೂ ಸರದಿಯ ಪ್ರಕಾರ ಒಬ್ಬೊಬ್ಬರು ಮಾಡಿದರೆ, ಹಿರಿಯರು ಊರಿಗೆ ಹೋದಾಗಲೂ ತಂಡ ನಡೆಯುತ್ತದೆ. ಉಳಿದದ್ದನ್ನು ಎರಡನೆಯ ಸರ್ವರ್ ಬಂದಾಗ ಯೋಚಿಸಬಹುದು.